ಬೆಂಕಿ ಕಾಣದ ಗುಮ್ಮಟ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಅಳತೆ, ಇಟ್ಟಿಗೆಯ ವರಸೆಗಳ, ಅಂದರೆ ಸಾಲುಗಳ, ಸಂಖ್ಯೆ, ಗಾರೆಯ ಪ್ರಮಾಣ ಎಲ್ಲ ನನ್ನ ಸೈಟ್ ಡೈರಿಯಲ್ಲಿವೆ. ಅವುಗಳ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾರು ಯಾವಾಗ ಏನು ಹೇಳಿದರು ಎನ್ನುವಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದರಲ್ಲೂ ಒಂದು ಬೆಳಗಿನ ವಿಷಯದಲ್ಲಿ ನನಗೆ ಎರಡು ನೆನಪುಗಳಿವೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ. ನಿಜವಾಗಿರಲು ಸಾಧ್ಯವಿರುವುದು ಒಂದು ಮಾತ್ರ.

ಶಿವಮೊಗ್ಗದ ವಿದ್ಯಾನಗರದಲ್ಲಿ ನನ್ನದು ಎರಡು ಕೋಣೆಯ ಆರ್ಕಿಟೆಕ್ಟ್ ಆಫೀಸು. ಭದ್ರಾವತಿಯ ಒಂದು ಸಣ್ಣ ಚರ್ಚಿನ ಫಾದರ್ ಒಂದು ದಿನ ಅಲ್ಲಿಗೆ ಬಂದರು. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ನೆಲೆಸಿದ ಕುಟುಂಬಗಳ ಚರ್ಚು ಅದು. ಶೀಟು ಹೊದಿಸಿದ ಒಂದೇ ಹಾಲ್, ಬೇಸಿಗೆಯಲ್ಲಿ ಒಳಗೆ ಕೂರಲಾಗದು. ಫಾದರ್ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಈಚೆಗೆ ಹೊರದೇಶದಲ್ಲಿ ಕಟ್ಟಿದ ಪುಟ್ಟ ಪ್ರಾರ್ಥನಾ ಮಂದಿರ. ಚೌಕದ ಗೋಡೆಗಳು, ಮೇಲೆ ತಗ್ಗಾದ ಗುಮ್ಮಟ, ಗುಮ್ಮಟದ ಬುಡದ ಸುತ್ತ ಸಣ್ಣ ಕಿಟಕಿಗಳು.

"ನಮ್ಮ ಅಳತೆಗೆ ಇದು ಆಗುತ್ತಾ ಮೇಡಂ?" ಎಂದು ಕೇಳಿದರು.

ಆ ಶೈಲಿಯ ಹೆಸರು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಾಲೇಜಿನ ಕೊನೆಯ ವರ್ಷದ ನನ್ನ ಪ್ರಬಂಧ ಅದರ ಮೇಲೆಯೇ ಇತ್ತು: ಬೈಜಾಂಟೈನ್ ಶೈಲಿ ನಮ್ಮ ಕಾಲದ ಕಟ್ಟಡಗಳಲ್ಲಿ ಮರಳಿ ಬಂದ ಬಗೆ. ಸಾವಿರದೈನೂರು ವರ್ಷಗಳ ಹಿಂದೆ ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸುವ ಉಪಾಯವನ್ನು ಬೈಜಾಂಟೈನ್ ಸಾಮ್ರಾಜ್ಯದ ಮೇಸ್ತ್ರಿಗಳು ಪಕ್ಕಾ ಮಾಡಿಕೊಂಡಿದ್ದರು. ನಾಲ್ಕು ಮೂಲೆಗಳಿಂದ ನಾಲ್ಕು ಬಾಗಿದ ತ್ರಿಕೋನಗಳು ಎದ್ದು ಮೇಲೆ ಒಂದು ವೃತ್ತವಾಗಿ ಕೂಡಿಕೊಳ್ಳುತ್ತವೆ, ಗುಮ್ಮಟ ಆ ವೃತ್ತದ ಮೇಲೆ ಕೂರುತ್ತದೆ. ಬುಡದಲ್ಲಿ ಕಿಟಕಿ ಸಾಲು ಇರುವುದರಿಂದ ಕೆಳಗೆ ನಿಂತವರಿಗೆ ಗುಮ್ಮಟ ಬೆಳಕಿನ ಮೇಲೆ ತೇಲಿದಂತೆ ಕಾಣುತ್ತದೆ. ನೂರೈವತ್ತು ವರ್ಷಗಳ ಹಿಂದೆ ಯುರೋಪಿನವರು ಇದನ್ನು ಮತ್ತೆ ಹಿಡಿದರು, ಆಮೇಲೆ ಕಾಂಕ್ರೀಟಿನಲ್ಲಿ ಮಾಡಿದರು. ಪ್ರಬಂಧ ಒಪ್ಪಿಸಿದ ದಿನ ನನ್ನ ಮೇಷ್ಟ್ರು, "ಇದನ್ನೆಲ್ಲ ನಿಮ್ಮೂರಲ್ಲಿ ಯಾರು ಕೇಳ್ತಾರಮ್ಮ" ಎಂದಿದ್ದರು. ಈಗ ಕೇಳುವವರು ಎದುರಿಗೆ ಕೂತಿದ್ದರು.

ಚರ್ಚಿನ ಕಮಿಟಿಗೆ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಕ್ರೇನ್ ಡ್ರೈವರ್ ಅಧ್ಯಕ್ಷರು. ನಕ್ಷೆ ನೋಡಿ, "ಗುಮ್ಮಟ ಇಟ್ರೆ ದರ್ಗಾ ಅಂದ್ಕೋತಾರೆ ಫಾದರ್" ಎಂದರು.

"ಅಂದ್ಕೊಂಡು ಒಳಗೆ ಬಂದ್ರೆ ಬರ್ಲಿ ಬಿಡಿ. ಕೂರ್ಸಿ ನೀರು ಕೊಡೋಣ" ಎಂದರು ಫಾದರ್. ನಕ್ಷೆ ಪಾಸಾಯಿತು.

ಕಷ್ಟ ಶುರುವಾದದ್ದು ಯಾವುದರಲ್ಲಿ ಕಟ್ಟುವುದು ಎನ್ನುವಲ್ಲಿ. ಶಿವಮೊಗ್ಗದಲ್ಲಿ ನನ್ನ ಕೆಲಸಗಳಿಗೆ ಲೆಕ್ಕ ಹಾಕಿಕೊಡುವ ಸ್ಟ್ರಕ್ಚರ್ ಇಂಜಿನಿಯರ್, "ಕಾಂಕ್ರೀಟ್ ಹಾಕಿ ಮುಗ್ಸಿ ಮಾರಾಯ್ತಿ. ಪ್ಲಾಸ್ಟರ್ ಆದ್ಮೇಲೆ ಯಾರಿಗೆ ಗೊತ್ತಾಗುತ್ತೆ" ಎಂದರು. ನನಗೆ ಇಟ್ಟಿಗೆಯೇ ಬೇಕಿತ್ತು. ಒಳಗಿನ ಮೈಗೆ ಪ್ಲಾಸ್ಟರ್ ಇಲ್ಲದೆ, ಇಟ್ಟಿಗೆಯ ಉಂಗುರಗಳು ಒಂದರ ಮೇಲೊಂದು ಕಿರಿದಾಗುತ್ತ ಹೋಗುವುದು ಕಾಣಬೇಕಿತ್ತು. ಆ ಹಟ ಕಟ್ಟಡಕ್ಕಾಗಿಯೋ ನನ್ನ ಹಳೆಯ ಪ್ರಬಂಧಕ್ಕಾಗಿಯೋ ಎಂದು ಆಗ ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಳ್ಳುತ್ತೇನೆ.

ಇಟ್ಟಿಗೆಯ ಗುಮ್ಮಟ ಕಟ್ಟಬಲ್ಲವರು ಈ ಕಡೆ ಯಾರಿದ್ದಾರೆ? ಭದ್ರಾವತಿ ಹಳೇ ಟೌನಿನಲ್ಲಿರುವ ನನ್ನ ದೊಡ್ಡಪ್ಪನ ನೆನಪಾಯಿತು. ಮೂವತ್ತು ವರ್ಷಕ್ಕೂ ಮೇಲೆ ಅವರು ಉಕ್ಕು ಕರಗಿಸುವ ಕುಲುಮೆಗಳ ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಜೋಡಿಸುವ ಮೇಸ್ತ್ರಿಯಾಗಿದ್ದರು. ಕರೆಂಟಿನ ಕುಲುಮೆಗಳ ಮುಚ್ಚಳ ಅಂದರೆ ಇಟ್ಟಿಗೆಯ ತಗ್ಗು ಗುಮ್ಮಟವೇ. ಅಂಥವನ್ನು ಎಷ್ಟು ಕಟ್ಟಿದ್ದರೋ ಅವರಿಗೇ ಲೆಕ್ಕವಿಲ್ಲ.

ಜಗಲಿಯಲ್ಲಿ ಕೂತು ದೊಡ್ಡಪ್ಪ ನಕ್ಷೆಯನ್ನು ತಲೆಕೆಳಗು ಮಾಡಿ ನೋಡಿದರು. "ಇದು ಫರ್ನೇಸಿನ ಮುಚ್ಚಳ ಕಣೇ. ನೀನು ಕಿಟಕಿ ಇಟ್ಟಿದೀಯ ಅಷ್ಟೆ."

"ಕಟ್ತೀರಾ?"

ಅವರು ನಕ್ಷೆಯನ್ನು ನೆಟ್ಟಗೆ ತಿರುಗಿಸಿಟ್ಟರು. ಆಮೇಲೆ ಹೇಳಿದ ಮಾತನ್ನು ಅಂದೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಹಾಗಾಗಿ ಇದು ಅವರದೇ ಮಾತು. "ಮುಚ್ಚಳ ಕಟ್ತೀವಿ, ಅದು ಬೇಯುತ್ತೆ, ಸವೆಯುತ್ತೆ, ಒಡೆದು ಮತ್ತೆ ಕಟ್ತೀವಿ. ನಾನು ಕಟ್ಟಿದ್ದನ್ನೆಲ್ಲ ನಾನೇ ಒಡೆದಿದೀನಿ ಪುಟ್ಟಿ. ಒಂದಾದ್ರೂ ನಿಲ್ಲೋದು ಕಟ್ಬೇಕು ಅಂತಿತ್ತು."

ತಮ್ಮ ಜೊತೆ ದುಡಿದು ನಿವೃತ್ತರಾದ ಮೂವರನ್ನು ಅವರೇ ಕರೆತಂದರು. ಅವರಲ್ಲಿ ಒಬ್ಬರು ಅದೇ ಚರ್ಚಿಗೆ ಸೇರಿದ ತಮಿಳು ಮೇಸ್ತ್ರಿ, ಬಾಯಿ ಸುಮ್ಮನಿರದ ಮನುಷ್ಯ. ಸಾರುವೆ ಹತ್ತಿದ ಮೊದಲ ದಿನ ಮೇಲೆ ನೋಡಿ, "ನಮ್ ಫರ್ನೇಸು ಒಳಗೆ ದೇವರು ಇರ್ಲಿಲ್ಲ ಮೇಡಂ, ಫೋರ್ಮನ್ ಇದ್ದ. ಇಲ್ಲಿ ಯಾರು ಬೈತಾರೆ?" ಎಂದರು.

"ನಾನು ಬೈತೀನಿ, ಇಟ್ಟಿಗೆ ಎತ್ತು" ಎಂದರು ದೊಡ್ಡಪ್ಪ.

ಗೋಡೆಗಳು ಏಳಲು ಎರಡು ತಿಂಗಳು, ಮೂಲೆಯ ತ್ರಿಕೋನಗಳಿಗೆ ಇನ್ನೊಂದು ತಿಂಗಳು ಹಿಡಿಯಿತು. ಮೇಲಿನ ವೃತ್ತಕ್ಕೆ ಕಾಂಕ್ರೀಟಿನ ಬಳೆ, ಅದರ ಮೇಲೆ ಹನ್ನೆರಡು ಕಿಟಕಿ, ಕಿಟಕಿಗಳ ನೆತ್ತಿಗೆ ಉಕ್ಕಿನ ಪಟ್ಟಿ. ಗುಮ್ಮಟದ ವ್ಯಾಸ ಹದಿನೆಂಟು ಅಡಿ. ಕಟ್ಟುವಾಗ ಕೆಳಗಿನಿಂದ ಆಸರೆಗೆ ಮರದ ಸೆಂಟ್ರಿಂಗ್, ಅದರ ಕಂಬಗಳ ಬುಡಕ್ಕೆ ಜೋಡಿ ಬೆಣೆಗಳು. ಗುಮ್ಮಟ ಮುಗಿದ ಮೇಲೆ ಬೆಣೆ ಸಡಿಲಿಸುತ್ತ ಹೋದರೆ ಸೆಂಟ್ರಿಂಗ್ ಕೂದಲೆಳೆಯಷ್ಟೇ ಕೆಳಗಿಳಿಯುತ್ತದೆ, ಗುಮ್ಮಟ ತನ್ನ ಭಾರ ತಾನೇ ಹೊರಲು ಕಲಿಯುತ್ತದೆ. ಮೂಲೆಯ ತ್ರಿಕೋನಗಳಿಗೆ ಆ ಶೈಲಿಯ ಚಿನ್ನದ ಹರಳುಗಳ ಚಿತ್ತಾರ ಮಾಡಿಸುವ ಶಕ್ತಿ ಯಾರಿಗೂ ಇರಲಿಲ್ಲ. ಚರ್ಚಿನ ಹೆಂಗಸರು ಮನೆಮನೆಯಿಂದ ಒಡೆದ ಗಾಜಿನ ಬಳೆ ಕೂಡಿಸಿ ತಂದರು. ಹಳದಿ ಬಳೆಗಳನ್ನು ಬೇರೆ ಮಾಡಿ ಡಬ್ಬಗಳಲ್ಲಿ ತುಂಬಿಟ್ಟರು.

ಮೊದಲ ಜಗಳ ಗಾರೆಯ ಮೇಲೆ ಬಂತು. ಹಳೆಯ ಬೈಜಾಂಟೈನ್ ಗುಮ್ಮಟಗಳಲ್ಲಿ ಇಟ್ಟಿಗೆಯ ದಪ್ಪಕ್ಕೆ ಸರಿಸಮನಾಗಿ ಗಾರೆ ಇರುತ್ತದೆ. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಗಾರೆ. ನಮ್ಮ ಕಡೆಯ ಸುರ್ಕಿಯೂ ಅದೇ. ನಾನು ವರಸೆಗಳ ನಡುವೆ ಒಂದು ಇಂಚು ಗಾರೆ ಬೇಕೆಂದೆ. ಕುಲುಮೆಯ ಮೇಸ್ತ್ರಿಗಳು ಬಾಯಿ ಮೇಲೆ ಕೈಯಿಟ್ಟುಕೊಂಡರು. ಕುಲುಮೆಯಲ್ಲಿ ಎರಡು ಇಟ್ಟಿಗೆಗಳ ನಡುವೆ ಬ್ಲೇಡು ತೂರಬಾರದು.

"ಇಷ್ಟು ದಪ್ಪ ಗಾರೆ ಹಾಕಿದ್ರೆ ನಮ್ಮನ್ನ ಗೇಟಿಂದಾಚೆ ಹಾಕ್ತಿದ್ರು" ಎಂದರು ತಮಿಳು ಮೇಸ್ತ್ರಿ.

"ಇದು ಕುಲುಮೆ ಅಲ್ಲ, ಅಣ್ಣ."

"ಕೈಗೆ ಗೊತ್ತಾಗಬೇಕಲ್ಲ ಮೇಡಂ ಅದು."

ಮೂರು ದಿನ ವಾದ ನಡೆಯಿತು. ಎರಡು ವರಸೆ ಬಿಚ್ಚಿಸಿ ಮತ್ತೆ ಕಟ್ಟಿಸಿದೆ. ಕೊನೆಗೆ ದೊಡ್ಡಪ್ಪ, "ಅವಳು ಓದಿದಾಳೆ, ಅವಳು ಹೇಳ್ದಂಗೆ ಮಾಡ್ರೋ" ಎಂದು ಒಪ್ಪಿಸಿದರು. ನಾನು ಗೆದ್ದೆ ಎಂದುಕೊಂಡೆ. ಕುಲುಮೆಯಿಂದ ಅವರ ಕೈಗಳಿಗೆ ಅಂಟಿದ ಅಭ್ಯಾಸ ತೆಳು ಗಾರೆಯದೊಂದೇ ಎಂದೂ ಅಂದುಕೊಂಡೆ.

ಹದಿನೈದನೇ ವರಸೆಯವರೆಗೆ ನಾನು ದಿನವೂ ಹೋಗಿ ಸಾರುವೆ ಹತ್ತುತ್ತಿದ್ದೆ. ಹತ್ತಿದ ದಿನ ಡೈರಿಯಲ್ಲಿ 'ಹತ್ತಿದೆ' ಎಂದು ಬರೆಯುವುದು ರೂಢಿ. ಆಮೇಲಿನ ವಾರ ಶಿವಮೊಗ್ಗದಲ್ಲೇ ಗೋಪಾಳ ಬಡಾವಣೆಯ ಒಂದು ಮನೆಯ ಸ್ಲ್ಯಾಬ್ ಕೆಲಸ ಒದಗಿ ಬಂತು. ಆ ಇಡೀ ವಾರದಲ್ಲಿ ಭದ್ರಾವತಿಗೆ ಹೋದದ್ದು ಒಂದು ಬೆಳಗ್ಗೆ ಮಾತ್ರ. ಅದೇ ಬೆಳಗಿನ ಬಗ್ಗೆ ನನಗೆ ಎರಡು ನೆನಪುಗಳಿರುವುದು.

ಒಂದು ನೆನಪಿನಲ್ಲಿ ನಾನು ಕೆಳಗೆ ನಿಂತಿದ್ದೇನೆ. ಸಾರುವೆಯ ಕಂಬ ಹಿಡಿದು ಮೇಲೆ ನೋಡಿ, "ಎಷ್ಟಾಯ್ತು?" ಎಂದು ಕೂಗುತ್ತೇನೆ. "ಇಪ್ಪತ್ತು" ಎನ್ನುತ್ತಾರೆ ದೊಡ್ಡಪ್ಪ. ಗೋಪಾಳದಿಂದ ಫೋನು ಬರುತ್ತದೆ, ಹೊರಡುತ್ತೇನೆ.

ಇನ್ನೊಂದರಲ್ಲಿ ನಾನು ಮೇಲೆ ಹಲಗೆಯ ಮೇಲೆ ಕೂತಿದ್ದೇನೆ. ದೊಡ್ಡಪ್ಪನ ಪಕ್ಕದಲ್ಲಿ ಫ್ಯಾನಿನ ರಟ್ಟಿನ ಪೆಟ್ಟಿಗೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಇಟ್ಟಿದೆ. ಅವರು ಎರಡು ಇಟ್ಟಿಗೆಗಳ ನಡುವೆ ಒಂದು ಪಟ್ಟಿ ಇಳಿಸುತ್ತಾರೆ. ಅದರ ಮೇಲೆ ನೀಲಿ ಬಣ್ಣದಲ್ಲಿ ಫ್ಯಾನಿನ ಅರ್ಧ ರೆಕ್ಕೆ. ಅಂತರ ಸಮ ಬರಲೆಂದು ಇಟ್ಟಿದ್ದಾರೆ, ಆಮೇಲೆ ಎಳೆದು ತೆಗೆಯುತ್ತಾರೆ ಎಂದುಕೊಂಡು, "ಚೆನ್ನಾಗಿ ಬರ್ತಿದೆ ದೊಡ್ಡಪ್ಪ" ಎನ್ನುತ್ತೇನೆ.

ಡೈರಿಯಲ್ಲಿ ಆ ದಿನ ಇರುವುದು ಇಷ್ಟು: 'ಭದ್ರಾವತಿ. ಇಪ್ಪತ್ತನೇ ವರಸೆ. ಎಲ್ಲ ಸರಿ.' 'ಹತ್ತಿದೆ' ಎಂಬ ಮಾತಿಲ್ಲ. ಆದರೆ ಹತ್ತದೆ 'ಎಲ್ಲ ಸರಿ' ಎಂದು ಬರೆಯುವವಳೂ ನಾನಲ್ಲ. ಅಥವಾ ಅಲ್ಲ ಎಂದುಕೊಂಡಿದ್ದೇನೆ.

ಮುಂದಿನ ವಾರ ಹೋಗುವಷ್ಟರಲ್ಲಿ ಮೂವತ್ತೊಂದು ವರಸೆಯೂ ಮುಗಿದು, ನೆತ್ತಿಯ ಕೊನೆಯ ಇಟ್ಟಿಗೆ ಮಾತ್ರ ಉಳಿದಿತ್ತು. ಹೊರಮೈಗೆ ಗಾರೆ ಸವರಿ ಒದ್ದೆ ಗೋಣಿ ಹೊದಿಸಿದ್ದರು. ಕೊನೆಯ ಇಟ್ಟಿಗೆಗೆ ದೊಡ್ಡಪ್ಪ ಅರಿಶಿನ ಕುಂಕುಮ ಇಟ್ಟರು, ಫಾದರ್ ನೀರು ಪ್ರೋಕ್ಷಿಸಿದರು. ತಮಿಳು ಮೇಸ್ತ್ರಿ ಅದನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ಕೂರಿಸಿ, "ಎರಡು ಕಡೆಯವರೂ ನೋಡ್ಕೊಂಡ್ರಪ್ಪ, ಇನ್ನು ಬೀಳಲ್ಲ" ಎಂದರು. ದೊಡ್ಡಪ್ಪ ನಗಲಿಲ್ಲ. ಗೋಣಿಯ ಮೇಲೆ ಅಂಗೈ ಊರಿ ಕೂತಿದ್ದರು.

ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಎರಡು ತಿಂಗಳು ನೀರುಣಿಸುತ್ತ ಕಾದೆವು. ದೊಡ್ಡಪ್ಪ ದಿನಕ್ಕೆರಡು ಸಲ ತಾವೇ ಬಂದು ನೀರು ಹಾಯಿಸುತ್ತಿದ್ದರು.

ಬೆಣೆ ಸಡಿಲಿಸಿದ ದಿನ ಇಂಜಿನಿಯರೂ ಬಂದರು. ಗುಮ್ಮಟದ ನೆತ್ತಿಯಿಂದ, ಸೆಂಟ್ರಿಂಗಿನಲ್ಲಿ ಕೊರೆದ ತೂತಿನ ಮೂಲಕ ತೂಗುಗುಂಡು ಇಳಿಬಿಟ್ಟು, ಅದರ ತುದಿಯ ಪಕ್ಕದಲ್ಲಿ ಗೀಟು ಹಾಕಿದ ಹಲಗೆ ನಿಲ್ಲಿಸಿದೆವು. ನೆತ್ತಿ ಇಳಿದರೆ ಗುಂಡೂ ಇಳಿಯುತ್ತದೆ. ನಾಲ್ವರೂ ಒಟ್ಟಿಗೆ ಸುತ್ತಿಗೆ ಬಡಿದರು. ಎರಡು ಮಿಲಿಮೀಟರ್ ಇಳಿಯಬಹುದೆಂದು ಲೆಕ್ಕವಿತ್ತು. ಮಧ್ಯಾಹ್ನಕ್ಕೆ ಒಂಬತ್ತು ಮಿಲಿಮೀಟರ್ ಇಳಿದಿತ್ತು. ಬೆಣೆ ಸಡಿಲಿಸುವುದನ್ನು ನಿಲ್ಲಿಸಿದೆವು. ಮರುದಿನ ಬೆಳಗ್ಗೆ ಹದಿನಾಲ್ಕು. ಹೊರಮೈಯಲ್ಲಿ, ಅರ್ಧ ಎತ್ತರದಿಂದ ಮೇಲೆ, ಕಲ್ಲಂಗಡಿಯ ಗೆರೆಗಳ ಹಾಗೆ ಉದ್ದುದ್ದ ಬಿರುಕುಗಳು ಬಂದಿದ್ದವು. ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದೆ. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ. ಸಂಜೆಗೆ ಎಂಟರಲ್ಲಿ ಆರು ಒಡೆದಿದ್ದವು.

ಬಿರುಕಿನ ಸಾಲುಗಳ ಅಂತರ ಒಂದೇ ಸಮ ಇತ್ತು. ತಾನಾಗಿ ಬಿಟ್ಟ ಬಿರುಕು ಹಾಗಿರುವುದಿಲ್ಲ. ಹ್ಯಾಕ್ಸಾ ಬ್ಲೇಡು ತೂರಿಸಿ ಕೆದಕಿದೆ. ಕಂದು ಬಣ್ಣದ, ಒದ್ದೆಯಾಗಿ ಮೆತ್ತಗಾದ ಚೂರೊಂದು ಬ್ಲೇಡಿಗೆ ಅಂಟಿ ಬಂತು.

"ದೊಡ್ಡಪ್ಪ, ಇದೇನು?"

"ರಟ್ಟು."

"ಯಾಕೆ?"

"ಯಾಕೆ ಅಂದ್ರೆ? ಮುಚ್ಚಳಕ್ಕೆ ಅರ್ಧದಿಂದ ಮೇಲೆ ರಟ್ಟು ಇಡ್ಲೇಬೇಕಲ್ಲ. ಕಾದಾಗ ರಟ್ಟು ಸುಟ್ಟು ಹೋಗುತ್ತೆ, ಇಟ್ಟಿಗೆ ಹಿಗ್ಗಿ ಆ ಸಂದು ತುಂಬ್ಕೊಂಡು..."

ಅವರ ಮುಖ ನೋಡಲಾಗದೆ ನಾನು ಕೈಯಲ್ಲಿದ್ದ ಚೂರನ್ನೇ ನೋಡುತ್ತಿದ್ದೆ. ಕುಲುಮೆಯಲ್ಲಿ ರಟ್ಟು ಇಡದವನು ಮೇಸ್ತ್ರಿಯೇ ಅಲ್ಲ. ಇಡದಿದ್ದರೆ ಹಿಗ್ಗಿದ ಇಟ್ಟಿಗೆಗಳು ಒಂದನ್ನೊಂದು ಒತ್ತಿ ಸಿಡಿಯುತ್ತವೆ. ಕುಲುಮೆಯ ಮುಚ್ಚಳ ಬಿಗಿಯಾಗುವುದು ಬೆಂಕಿ ಹೊತ್ತಿದ ಮೇಲೆ. ನಮ್ಮ ಗುಮ್ಮಟದ ಕೆಳಗೆ ಉರಿಯುವುದಿದ್ದರೆ ಮೇಣದ ಬತ್ತಿ ಮಾತ್ರ. ಹದಿನಾರನೇ ವರಸೆಯಿಂದ ಮೇಲೆ ಪ್ರತಿ ಉಂಗುರದಲ್ಲೂ ಎಂಟು ಕಡೆ ರಟ್ಟು ಇತ್ತು. ನೀರುಣಿಸಿದಷ್ಟೂ ಅದು ಮೆತ್ತಗಾಗಿತ್ತು. ಭಾರ ಬಿದ್ದ ಕೂಡಲೇ ಅಪ್ಪಚ್ಚಿಯಾಯಿತು, ಉಂಗುರಗಳು ಕುಗ್ಗಿದವು, ನೆತ್ತಿ ಕುಸಿಯಿತು. ನಾಲ್ವರಲ್ಲಿ ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಹೇಳಬೇಕಾದ ವಿಷಯ ಅಂತಲೇ ಅವರಿಗೆ ಅನಿಸಿರಲಿಲ್ಲ.

ಬೆಣೆಗಳನ್ನು ಮತ್ತೆ ಬಡಿದು ಸೆಂಟ್ರಿಂಗನ್ನು ಗುಮ್ಮಟಕ್ಕೆ ಒತ್ತಿದೆವು. ಸಂದುಗಳಿಂದ ರಟ್ಟು ಕೆರೆದು ತೆಗೆದು ಗಾರೆ ತುಂಬಿದರೆ ಹೇಗೆ ಎಂದು ಇಂಜಿನಿಯರನ್ನು ಕೇಳಿದೆ. ಅವರು ಎರಡು ದಿನ ಲೆಕ್ಕ ಹಾಕಿ ಬಂದರು. "ನಿಲ್ಲಬಹುದು" ಎಂದರು.

"ಸಹಿ ಹಾಕ್ತೀರಾ?"

"ಇಲ್ಲ."

ಆ ಭಾನುವಾರ ಹಳೆಯ ಶೀಟಿನ ಹಾಲಿಗೆ ಹೋಗಿ ಹಿಂದೆ ಕೂತೆ. ಮುಂದಿನ ಸಾಲಿನಲ್ಲಿ ಬಳೆ ಕೂಡಿಸಿ ಕೊಟ್ಟ ಮುದುಕಿಯರು ಕೂತಿದ್ದರು. ಹೊಸ ಕಟ್ಟಡದಲ್ಲಿ ಆ ಸಾಲು ಬರುವುದು ನೆತ್ತಿಯ ನೇರ ಕೆಳಗೆ. ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಹೊರಗೆ ಬಂದು ಇಂಜಿನಿಯರಿಗೆ ಫೋನ್ ಮಾಡಿದೆ. ಬಿಚ್ಚೋಣ, ಕಾಂಕ್ರೀಟ್ ಹಾಕೋಣ ಎಂದೆ. ಆ ತೀರ್ಮಾನ ಸರಿ ಎಂದು ಈಗಲೂ ಅನಿಸುತ್ತದೆ. ಆದರೆ ದೊಡ್ಡಪ್ಪನಿಗೆ ಮೊದಲು ಹೇಳಬೇಕಿತ್ತು. ಅವರಿಗೆ ಅದು ಗೊತ್ತಾದದ್ದು ಕಮಿಟಿಯ ಎದುರು.

ಕಮಿಟಿಯಲ್ಲಿ ಯಾರೂ ದನಿ ಏರಿಸಲಿಲ್ಲ. ಅಧ್ಯಕ್ಷರು ಮೇಜಿನ ಮೇಲಿದ್ದ ರಟ್ಟಿನ ಚೂರನ್ನು ತಿರುಗಿಸಿ ನೋಡಿ, "ಕಟ್ಟೋವಾಗ ಮೇಡಂ ಇದನ್ನ ನೋಡ್ಲಿಲ್ವಾ?" ಎಂದರು.

ನಾನು ಬಾಯಿ ತೆರೆದೆ. ಏನು ಹೇಳಲಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಎದ್ದು ನಿಂತರು.

"ಅವಳು ಆ ವಾರ ಮೇಲೆ ಬಂದಿಲ್ಲ ಸ್ವಾಮಿ. ಕೆಳಗಿಂದ ಕಾಣಲ್ಲ ಅದು. ಕೇಳ್ದೇ ಇಟ್ಟಿದ್ದು ನಾನು. ತಪ್ಪು ನಂದೇ."

ಅಧ್ಯಕ್ಷರು ಸುಮ್ಮನೆ ತಲೆಯಾಡಿಸಿದರು. ಅವರೂ ಕಾರ್ಖಾನೆಯವರು. ರಟ್ಟು ಏನೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಬಿಚ್ಚುವುದಕ್ಕೆ ಬೇರೆ ಆಳುಗಳನ್ನು ಕರೆಸುತ್ತೇನೆ ಎಂದೆ. "ಬೇಡ. ನಂಗೆ ಅಭ್ಯಾಸ ಇದೆ" ಎಂದರು ದೊಡ್ಡಪ್ಪ. ನೆತ್ತಿಯಿಂದ ಶುರುಮಾಡಿ ಉಂಗುರ ಉಂಗುರವಾಗಿ ಆರು ದಿನ ಬಿಚ್ಚಿದರು. ಒಂದು ಇಟ್ಟಿಗೆಯನ್ನೂ ಒಡೆಯಲಿಲ್ಲ. ಕರಣೆಯಿಂದ ಗಾರೆ ಕೆರೆದು, ಕೈಯಿಂದ ಕೈಗೆ ಇಳಿಸಿ, ಗೋಡೆಯ ಪಕ್ಕ ಪೇರಿಸಿದರು. ರಟ್ಟಿನ ಪಟ್ಟಿಗಳು ಒಂದೊಂದಾಗಿ ಕೆಳಗೆ ಉದುರುತ್ತಿದ್ದವು. ಕೆಲವುಗಳ ಮೇಲೆ ನೀಲಿ ಬಣ್ಣ ಇನ್ನೂ ಮಾಸಿರಲಿಲ್ಲ. ನನ್ನ ಎರಡನೇ ನೆನಪು ಹುಟ್ಟಿದ್ದು ಅಲ್ಲಿಯೇ ಇರಬಹುದು. ನೆಲದಲ್ಲಿ ಕಂಡ ಚೂರನ್ನು ನನ್ನ ಮನಸ್ಸೇ ಎತ್ತಿ ಮೇಲಿನ ಹಲಗೆಯ ಮೇಲಿಟ್ಟಿರಬಹುದು. ಇಲ್ಲವೇ ಅದು ಮೊದಲಿಂದಲೂ ಅಲ್ಲೇ ಇದ್ದಿರಬಹುದು.

ಕಾಂಕ್ರೀಟಿನ ಗುಮ್ಮಟಕ್ಕೆ ಇಪ್ಪತ್ತು ದಿನ ಸಾಕಾಯಿತು. ಅದೇ ಆಕಾರ, ಅದೇ ಹನ್ನೆರಡು ಕಿಟಕಿ. ಒಳಗೆ ಪ್ಲಾಸ್ಟರ್ ಮಾಡಿ ಸುಣ್ಣ ಬಳಿದರು. ಕೆಳಗೆ ಮೂಲೆಯ ತ್ರಿಕೋನಗಳಲ್ಲಿ ಬಳೆಚೂರುಗಳ ಹಳದಿ. ಉದ್ಘಾಟನೆಯ ದಿನ ಬೆಳಗಿನ ಬಿಸಿಲು ಕಿಟಕಿಗಳಿಂದ ಇಳಿದಾಗ ಗುಮ್ಮಟ ನಿಜಕ್ಕೂ ತೇಲಿದಂತೆ ಕಂಡಿತು. ಜನ ತಲೆಯೆತ್ತಿ ನೋಡುತ್ತ ನಿಂತರು. ಇಂಜಿನಿಯರ್ ಹೇಳಿದ್ದು ನಿಜವಾಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ದೊಡ್ಡಪ್ಪ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಅವರೊಬ್ಬರೇ ಮೇಲೆ ನೋಡಲಿಲ್ಲ. ಹೊರಡುವಾಗ, ಗೋಡೆಯ ಪಕ್ಕ ಪೇರಿಸಿದ್ದ ಇಟ್ಟಿಗೆಗಳಲ್ಲಿ ಅರಿಶಿನದ ಗುರುತು ಉಳಿದಿದ್ದ ಒಂದನ್ನು ಹುಡುಕಿ ಚೀಲಕ್ಕೆ ಹಾಕಿಕೊಂಡರು.

ಆ ಬೆಳಗಿನ ಬಗ್ಗೆ ತಮಿಳು ಮೇಸ್ತ್ರಿಯನ್ನು ಕೇಳಿದ್ದೆ. "ನಿಮ್ಮ ದೊಡ್ಡಪ್ಪನ್ನ ಕೇಳಿ ಮೇಡಂ. ಮೇಸ್ತ್ರಿ ಕಮಿಟೀಲಿ ಹೇಳಿದ್ದೇ ನಮ್ಮ ಮಾತು" ಎಂದರು. ಇನ್ನಿಬ್ಬರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಮೂವರೂ ಒಂದೇ ಮಾತು ಹೇಳಿದ್ದು ನನ್ನ ಅನುಮಾನವನ್ನು ಹೆಚ್ಚಿಸಿತು: ನನ್ನನ್ನು ಉಳಿಸಲೆಂದೇ ದೊಡ್ಡಪ್ಪ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರೆ?

ಉದ್ಘಾಟನೆಯ ಎರಡು ವಾರದ ನಂತರ ಹಳೇ ಟೌನಿಗೆ ಹೋದೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಕರಣೆಗೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತುತ್ತಿದ್ದರು. ಆ ಇಟ್ಟಿಗೆ ತುಳಸಿಕಟ್ಟೆಯ ಪಕ್ಕದಲ್ಲಿತ್ತು. ಡೈರಿಯ ಆ ಪುಟ ತೆಗೆದು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. 'ಎಲ್ಲ ಸರಿ' ಎಂಬಲ್ಲಿ ಅವರ ಬೆರಳು ನಿಂತಿತು. ನಾನು ಕೇಳಿದೆ. ಅವರು ಡೈರಿ ಮುಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ತಿರುಗಿ, "ಇವಳಿಗೆ ಮಜ್ಜಿಗೆ ಕೊಡೇ, ಬಿಸಿಲಲ್ಲಿ ಬಂದಿದಾಳೆ" ಎಂದರು. ದೊಡ್ಡಮ್ಮ ಮಜ್ಜಿಗೆ ತಂದರು. ಕುಡಿದೆ. ಲೋಟ ಕೆಳಗಿಟ್ಟು ಇನ್ನೊಮ್ಮೆ ಕೇಳಿದೆ:

"ದೊಡ್ಡಪ್ಪ, ಆ ದಿನ ನಾನು ಮೇಲೆ ಬಂದಿದ್ನಾ?"